ಕೈಕಸಬಿನ ಮಳಿಗೆಯೂ ಕಸಬುಗಾರನ ಹೆಸರೂ

(ಮಹೋತ್ಸವದ ಸಂದರ್ಭದಲ್ಲಿ ಬಳ್ಳಿಗಾವಿಯಲ್ಲಿ ಮಾಡಿದ ಭಾಷಣ)

ನನಗೆ ವಹಿಸಿಕೊಟ್ಟಿರುವ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ. ವಿಷಯವಾವುದೆಂದರೆ, ನಮ್ಮ ಸೀಮೆಯ ಕೈಕಸಬಿನ ಮತ್ತು ಸಣ್ಣ ಕೈಗಾರಿಕೆಗಳ ಪದಾರ್ಥಗಳನ್ನು ಒಂದೆಡೆಯಲ್ಲಿಟ್ಟು ತೋರಿಸಿ ಮಾರತಕ್ಕ ಒಂದು ದೊಡ್ಡ ಮಳಿಗೆಯನ್ನು ಬಳ್ಳಿಗಾವಿಯ ಬಳಿ ಕಟ್ಟುವುದು ಯುಕ್ತವೆ, ಯುಕ್ತವಾದರೆ ಅದು ಹೇಗಿರಬೇಕು ಎಂಬುದು. ಪಟ್ಟಣದವರು ಇಂತಹ ಅಂಗಡಿಗಳ ಸಮೂಹವನ್ನು ಮಾಲ್ ಎಂದು ಕರೆಯುವರು. ಹೆಸರು ಹೊಸದಾದರೂ ಪದಾರ್ಥವು ಈ ಊರಿಗೆ ಹೊಸದಲ್ಲವೆಂಬುದನ್ನು ಮೊದಲು ನಿವೇದಿಸಬೇಕಾಗಿದೆ.

ಮಠದ ಉತ್ಸವದಲ್ಲಿ ಅಂಗಡಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಅದಕ್ಕೆ ಉತ್ತರವನ್ನು ನಾನು ಹೇಳುವುದಕ್ಕಿಂತ ಈ ನೆಲದ ಕಲ್ಲುಗಳು ಹೇಳುವುದು ಮೇಲು. ಬಳ್ಳಿಗ್ರಾಮ, ಬಳ್ಳಿಗಾಮೆ, ಬಳ್ಳಿಪುರ ಎಂದು ಶಾಸನಗಳಲ್ಲಿ ಕೀರ್ತಿತವಾದ ಈ ಸ್ಥಳವು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿತ್ತು. ದಕ್ಷಿಣ ಕೇದಾರವೆಂಬ ಬಿರುದು ಇದಕ್ಕೆ ಸಂದಿತ್ತು. ಇಲ್ಲಿ ಅರಸರ ದಂಡನಾಯಕರಿದ್ದರು, ಮಠಗಳಿದ್ದುವು, ಬ್ರಹ್ಮಪುರಿಗಳಿದ್ದುವು. ಇವೆಲ್ಲಕ್ಕೂ ಅನ್ನವನ್ನಿಕ್ಕುವಂತಹ ಪೇಟೆಯೂ ಇದ್ದಿತು. ಅಯ್ಯಾವೊಳೆಯ ಐನೂರ್ವರೆಂಬ ದೇಶಾಂತರ ವರ್ತಕರ ಸಂಘವು ಚೇರ ಚೋಳ ಪಾಂಡ್ಯ ಮಗಧಾದಿ ದೇಶಗಳನ್ನು ಸುತ್ತಿ ಆನೆ ಕುದುರೆಗಳನ್ನೂ ರತ್ನಗಳನ್ನೂ ಸುಗಂಧದ್ರವ್ಯಗಳನ್ನೂ ಮಾರುತ್ತಿದ್ದ ಬಗೆಯನ್ನು ಬಳ್ಳಿಗಾವಿಯ ಶಾಸನವೊಂದು ವಿಸ್ತಾರವಾಗಿ ವರ್ಣಿಸುವುದು. ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟದಲ್ಲಿ ಇಂತಹ ಹತ್ತಾರು ಲೇಖಗಳನ್ನು ಯಾರು ಬೇಕಾದರೂ ನೋಡಬಹುದು.

ಅದೇ ಊರಿನ ಕೋಡಿಯಮಠವನ್ನು ನೋಡಿರಿ. ಅದು ಕಾಳಾಮುಖ ಸಂಪ್ರದಾಯದ ಮಠ. 1162ರ ಒಂದು ಶಾಸನವು ಅಲ್ಲಿ ವೇದವ್ಯಾಕರಣಾದಿ ಶಾಸ್ತ್ರಗಳ ಪಾಠವು ನಡೆಯುತ್ತಿದ್ದುದನ್ನು ಹೇಳುವುದಲ್ಲದೆ, ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನವು ದೊರೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧವು ದೊರೆಯುತ್ತಿದ್ದುದನ್ನೂ, ಗಾಯಕರು ನರ್ತಕರು ಮೊದಲಾದ ಕಲಾವಿದರಿಗೆ ಆಶ್ರಯವಿದ್ದುದನ್ನೂ ಹೇಳುವುದು. ಪಾಠ, ಅನ್ನ, ಔಷಧ, ಕಲೆ ಇವು ನಾಲ್ಕೂ ಒಂದೇ ಪ್ರಾಕಾರದೊಳಗಿದ್ದುವು. ಪ್ರಾಕಾರದ ಹೊರಗೆ ಪೇಟೆಯಿತ್ತು. ಮಠಕ್ಕೂ ಮಾರುಕಟ್ಟೆಗೂ ನಡುವೆ ಗೋಡೆಯಿದ್ದರೂ ಬಾಗಿಲೂ ಇದ್ದಿತೆಂದು ಊಹಿಸಲು ಇಷ್ಟು ಸಾಕು.

ಇನ್ನು ಶರಣರ ಕಾಲಕ್ಕೆ ಬಂದರೆ, ಮಾತು ಇನ್ನೂ ಸ್ಪಷ್ಟವಾಗುವುದು. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳು ಈ ಬಳ್ಳಿಗಾವಿಯವರು. ಪೂರ್ವಾಶ್ರಮದಲ್ಲಿ ಅವರು ಮದ್ದಳೆಯನ್ನು ನುಡಿಸುವುದರಲ್ಲಿ ಪ್ರವೀಣರೆಂದು ಕಾವ್ಯಗಳು ಹೇಳುವುವು. ಅವರ ಮುಂದೆ ಕುಳಿತ ಗೋಷ್ಠಿಯಲ್ಲಿ ಯಾರಿದ್ದರು? ಬಿದಿರನ್ನು ಸೀಳಿ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಬಟ್ಟೆ ಹೊಲಿಯುವ ಸೂಜಿಕಾಯಕದ ರಾಮಿತಂದೆಯಿದ್ದನು, ಬಾಚಿಕಾಯಕದ ಬಸವಯ್ಯನಿದ್ದನು, ಕದಿರ ರೆಮ್ಮವ್ವೆಯಿದ್ದಳು. ಒಂದು ವಿಷಯವನ್ನು ತಾವೆಲ್ಲರೂ ಗಮನಿಸಬೇಕು. ಇವರ ಹೆಸರನ್ನು ಹೇಳಿದೊಡನೆ ಇವರ ಕೆಲಸವೂ ತಿಳಿಯುವುದು. ಕಸಬನ್ನು ಹೆಸರಿನಿಂದ ಬೇರ್ಪಡಿಸಿ ಮರೆಮಾಡಬೇಕೆಂದು ಅವರಿಗೆ ತೋರಲಿಲ್ಲ.

ಶರಣರ ತಲೆಮಾರಿಗೆ ಕೊಂಚ ಮುಂಚೆ ಈ ಊರಿನ ಮತ್ತೊಬ್ಬ ಕಸಬುಗಾರನು ತನ್ನ ಹೆಸರನ್ನು ಕಲ್ಲಿನ ಮೇಲೆಯೇ ಬರೆದಿಟ್ಟು ಹೋಗಿದ್ದಾನೆ. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿಯ ಮದನಿಕಾ ವಿಗ್ರಹಗಳನ್ನು ನೋಡಲು ಈಗ ಲೋಕದ ಎಲ್ಲ ಕಡೆಗಳಿಂದಲೂ ಜನರು ಬರುವರು. ಆ ವಿಗ್ರಹಗಳಲ್ಲಿ ಕೆಲವನ್ನು ಕಡೆದವರು ದಾಸೋಜನೂ ಅವನ ಮಗನಾದ ಚಾವಣನೂ; ದಾಸೋಜನು ತಾನು ಬಳ್ಳಿಗ್ರಾಮದವನೆಂದು ವಿಗ್ರಹದ ಪೀಠದಲ್ಲಿಯೇ ಕೆತ್ತಿರುವನು. ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನ, ಊರು ಬೇಲೂರು, ಬಳ್ಳಿಗಾವಿಯೋ ಬಹುದೂರ. ಆದರೂ ಕಲ್ಲುಕುಟಿಗನು ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ತನ್ನ ಕೆಲಸದ ಕೆಳಗೆ ಬರೆದನು. ಬರೆಯಲು ಅರಸನು ಬಿಟ್ಟನು. ಒಂಬೈನೂರು ವರ್ಷಗಳಾದ ಮೇಲೆ ನಾವು ಅವನನ್ನು ಬಲ್ಲೆವು. ಅವನು ಬರೆಯದೆ ಹೋಗಿದ್ದರೆ ಬಳ್ಳಿಗಾವಿಗೆ ಈ ಕೀರ್ತಿಯೂ ಇಲ್ಲ, ಅವನ ಮಗನಿಗೆ ಆ ಗೌರವವೂ ಇಲ್ಲ.

ಇದನ್ನು ಹೇಳುವಾಗ ನನಗೆ ಒಂದು ಸಂಗತಿ ನೆನಪಿಗೆ ಬರುತ್ತದೆ. ಕೆಲವು ವರ್ಷಗಳ ಕೆಳಗೆ ಬಂಧುಗಳ ಮದುವೆಗಾಗಿ ನಾನು ಒಂದು ಮಹಾನಗರಕ್ಕೆ ಹೋಗಿದ್ದೆನು. ಹುಡುಗರು ನನ್ನನ್ನು ದೊಡ್ಡದೊಂದು ಮಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನ ಬೀರುವಿನೊಳಗೆ, ದೀಪದ ಕೆಳಗೆ, ಅಂಗೈಯಗಲದ ಒಂದು ಮರದ ಪೆಟ್ಟಿಗೆಯಿದ್ದಿತು. ಮುಚ್ಚಳದ ಮೇಲೆ ನವಿಲು, ಸುತ್ತಲೂ ಬಳ್ಳಿ. ಇದನ್ನು ಮಾಡಿದವರು ಯಾರೆಂದು ಕೇಳಿದೆನು. ಅಂಗಡಿಯ ಹುಡುಗನು ವಿನಯದಿಂದಲೇ, “ಕಂಪನಿಯಿಂದ ಬರುತ್ತದೆ ಸಾರ್, ಯಾರು ಮಾಡುತ್ತಾರೋ ಗೊತ್ತಿಲ್ಲ” ಎಂದನು. ಬೆಲೆ ಹೆಚ್ಚೆನಿಸಿದರೂ ಕೊಂಡು ತಂದೆನು. ಮುಂದೆ ಸೊರಬಕ್ಕೆ ಹೋದಾಗ ಗುಡಿಗಾರರ ಮನೆಯ ವೃದ್ಧರೊಬ್ಬರಿಗೆ ಅದನ್ನು ತೋರಿಸಿದೆನು. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ, ಬಳ್ಳಿಯ ಸುತ್ತನ್ನು ಹೆಬ್ಬೆರಳಿನಿಂದ ಸವರಿ, “ಇದು ನಮ್ಮ ಬೀದಿಯ ಕೆಲಸ ಸ್ವಾಮಿ, ಎಲೆಯನ್ನು ಹೀಗೆ ಒಳಕ್ಕೆ ಮಡಿಸುವುದು ನಮ್ಮ ಭಾವನ ಕೈ” ಎಂದರು. ಅವರನ್ನು ನೋಡಬಹುದೆ ಎಂದೆನು. “ಅವರು ಉಳಿ ಇಟ್ಟು ಎರಡು ವರ್ಷವಾಯಿತು. ಮಗನ ಜೊತೆ ಪಟ್ಟಣಕ್ಕೆ ಹೋದರು. ಅಲ್ಲಿ ಯಾವುದೋ ಕಟ್ಟಡದ ಬಾಗಿಲು ಕಾಯುತ್ತಾರೆ” ಎಂದರು. ನಾನು ಕೊಟ್ಟ ಬೆಲೆಯನ್ನು ಹೇಳಿದೆನು. ವೃದ್ಧರು ಏನನ್ನೂ ಹೇಳದೆ ಪೆಟ್ಟಿಗೆಯನ್ನು ನನ್ನ ಕೈಗೆ ಹಿಂದಿರುಗಿಸಿದರು.

ಮಹನೀಯರೆ, ಪೆಟ್ಟಿಗೆಯು ಗಾಜಿನೊಳಗೆ ದೀಪದ ಕೆಳಗಿತ್ತು. ಮಾಡಿದವನು ಮತ್ತೊಬ್ಬರ ಬಾಗಿಲನ್ನು ಕಾಯುತ್ತಿದ್ದನು. ಬಳ್ಳಿಗಾವಿಯ ದಾಸೋಜನಿಗೆ ಸಂದ ಹೆಸರು ಸೊರಬದ ಈ ಗುಡಿಗಾರನಿಗೆ ಸಲ್ಲಲಿಲ್ಲ. ಆದುದರಿಂದ ನಾವು ಕಟ್ಟಬಹುದಾದ ಮಳಿಗೆಯ ಮೊದಲನೆಯ ಪ್ರಶ್ನೆ ಕಟ್ಟಡವೆಷ್ಟು ಎತ್ತರ, ಅಂಗಡಿಗಳೆಷ್ಟು ಎಂಬುದಲ್ಲ. ಕೊಳ್ಳುವವನಿಗೆ ಮಾಡಿದವನು ಕಾಣುವನೆ, ಕೊಟ್ಟ ಹಣದಲ್ಲಿ ಮಾಡಿದವನಿಗೆಷ್ಟು ಸೇರಿತೆಂಬುದು ತಿಳಿಯುವುದೆ ಎಂಬುದೇ ಮೊದಲನೆಯ ಪ್ರಶ್ನೆ. ನಾನು ಈ ದಿನ ಹೇಳಬೇಕೆಂದಿರುವುದು ಇದೊಂದೇ.

ಮಳಿಗೆಯಲ್ಲಿ ಇಡುವುದಕ್ಕೆ ನಮ್ಮಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಸೊರಬ, ಸಾಗರ ಸೀಮೆಗಳ ಗುಡಿಗಾರರು ಶ್ರೀಗಂಧದ ಕೆತ್ತನೆಯಲ್ಲಿ ಹೆಸರಾದವರು. ದೇವತಾವಿಗ್ರಹ, ಕರಡಿಗೆ, ಮಂಟಪ, ಚಾಮರಗಳ ಕೆಲಸವಲ್ಲದೆ, ಬೆಂಡಿನಿಂದ ಮದುವೆಯ ಬಾಸಿಂಗಗಳನ್ನು ಮಾಡುವುದೂ ಅವರ ಮನೆತನದ ವಿದ್ಯೆ. ಗಂಧವು ದುರ್ಲಭವಾದಂತೆಲ್ಲ ಶಿವನೆ ಮೊದಲಾದ ಮರಗಳಲ್ಲಿ ಕೆತ್ತುವುದನ್ನು ಹೆಚ್ಚಾಗಿ ರೂಢಿಸಿಕೊಂಡರು. ದೀವರ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ಪುಂಡಿಯ ನಾರಿನ ಕುಂಚದಿಂದ, ಅಕ್ಕಿಯ ಹಿಟ್ಟಿನ ಬಿಳುಪಿನಲ್ಲಿ ಹಸೆಚಿತ್ತಾರಗಳನ್ನು ಬರೆಯುವರು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ಭೂಮಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ಅವರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ನೋಡಿದವರು, ಮೇದಾರರ ಹೆಣಿಗೆಯೂ ದೀವರ ರೇಖೆಯೂ ಒಂದೇ ಬುಟ್ಟಿಯಲ್ಲಿ ಹೇಗೆ ಕೂಡುವುವೆಂಬುದನ್ನು ಬಲ್ಲರು.

ಶಿಕಾರಿಪುರ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಕನ್ನಡಿಯ ಬಿಲ್ಲೆಗಳನ್ನೂ ಕವಡೆಗಳನ್ನೂ ಸೇರಿಸಿ ಹೊಲಿಯುವ ಕಸೂತಿಯುಂಟು. ಇದೇ ಕುಲದ ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದನ್ನು ನಮ್ಮ ತಾಂಡಾಗಳ ಹೆಣ್ಣುಮಕ್ಕಳು ತಿಳಿದಿರಬೇಕು. ಅಡಿಕೆಯ ತೋಟದಲ್ಲಿ ಬಿದ್ದು ಹೋಗುತ್ತಿದ್ದ ಹಾಳೆಯನ್ನು ತೊಳೆದು, ಕಾಯಿಸಿದ ಅಚ್ಚಿನಲ್ಲಿ ಒತ್ತಿ ತಟ್ಟೆಗಳನ್ನು ಮಾಡುವ ಕೈಗಾರಿಕೆಯು ಮಲೆನಾಡಿನಲ್ಲೆಲ್ಲ ಹಬ್ಬಿದೆ. ಅಡಿಕೆಯನ್ನು ಬೇಯಿಸಿ ಉಳಿದ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿದವರು ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1996ರಲ್ಲಿ ಹುಟ್ಟಿದ ಚರಕವೆಂಬ ಹೆಂಗಸರ ಸಹಕಾರ ಸಂಘದವರು. ಕೈಮಗ್ಗದ ಬಟ್ಟೆಯನ್ನು ಹಳ್ಳಿಯ ಹೆಂಗಸರು ನೇಯ್ದು, ಬಣ್ಣ ಹಾಕಿ, ಹೊಲಿದು, ತಮ್ಮದೇ ಅಂಗಡಿಗಳ ಮೂಲಕ ನಗರದವರಿಗೆ ಮಾರಬಹುದೆಂಬುದಕ್ಕೆ ಅದು ಸಾಕ್ಷಿಯಾಯಿತು. ಕೈಕಸಬಲ್ಲದೆ ಯಂತ್ರದ ಕಸಬೂ ನಮ್ಮಲ್ಲಿಲ್ಲದೆ ಇಲ್ಲ. ಶಿವಮೊಗ್ಗದ ಎರಕದ ಕಾರ್ಖಾನೆಗಳು ದೂರದೂರಕ್ಕೆ ಸಾಮಾನು ಕಳುಹಿಸುವುವು. ಅಡಿಕೆ ಸುಲಿಯುವ ಯಂತ್ರಗಳನ್ನು ಮಲೆನಾಡಿನವರೇ ಯೋಚಿಸಿ ತಯಾರಿಸಿದರು. ಮಳಿಗೆಯಲ್ಲಿ ಕೆತ್ತನೆಯ ಪಕ್ಕದಲ್ಲಿ ಕುಡುಗೋಲೂ, ಚಿತ್ತಾರದ ಪಕ್ಕದಲ್ಲಿ ಯಂತ್ರವೂ ನಿಲ್ಲಬಾರದೆಂಬ ನಿಯಮವೇನೂ ಇಲ್ಲ. ಮಾಡಿದ ಕೈಗೆ ಎರಡೂ ಸಮ.

ಇಷ್ಟು ಸಂಪತ್ತಿದ್ದರೂ ಕಸಬುಗಳು ಕ್ಷೀಣಿಸುತ್ತಿರುವುದೇಕೆ? ಮೊದಲನೆಯದಾಗಿ ಮೂಲದ್ರವ್ಯದ ಕೊರತೆ. ಟಿಪ್ಪುಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ತನ್ನ ಹೊಲದಲ್ಲಿ ತಾನೇ ಹುಟ್ಟಿದ ಗಂಧದ ಗಿಡವು ರೈತನಿಗೆ ಲಾಭಕ್ಕಿಂತ ಭಯವನ್ನೇ ತರುತ್ತಿದ್ದಿತು. ಕರ್ನಾಟಕದಲ್ಲಿ 2001ರ ಅರಣ್ಯಕಾಯಿದೆಯ ತಿದ್ದುಪಡಿಯಿಂದ ಬೆಳೆದವನಿಗೆ ಮರದ ಒಡೆತನ ಬಂದಿತು. ಆದರೆ ಗಂಧದ ತಿರುಳು ಬಲಿಯಲು ಹಲವು ವರ್ಷಗಳು ಬೇಕು. ಕಳ್ಳರ ಕಾಟ ಬೇರೆ. ಎರಡನೆಯದಾಗಿ, ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಗಂಧವೆಂದು ಮಾರುವವರು ಪೇಟೆಯನ್ನು ಕೆಡಿಸಿದರು. ಮೂರನೆಯದಾಗಿ, ಮಾಲನ್ನು ಅಂಗಡಿಯಲ್ಲಿಟ್ಟು, ಮಾರಿದ ಮೇಲೆ ಹಣ ಕೊಡುವ ಪದ್ಧತಿ. ಹತ್ತು ದಿನ ಕುಳಿತು ಕೆತ್ತಿದವನು ಹತ್ತು ತಿಂಗಳು ಹಣಕ್ಕೆ ಕಾದರೆ, ಅವನ ಮಗನು ಉಳಿಯನ್ನು ಹಿಡಿಯುವನೆ? ಕಸಬುಗಾರನ ಮಗನು ಕಸಬನ್ನು ಬಿಟ್ಟನೆಂದು ನಾವು ದೂಷಿಸುವುದು ಸುಲಭ. ಅವನು ತನ್ನ ತಂದೆಯನ್ನು ಇಪ್ಪತ್ತು ವರ್ಷ ನೋಡಿದ ಮೇಲೆಯೇ ಬಿಟ್ಟನೆಂಬುದನ್ನು ನಾವು ಮರೆಯುವೆವು.

ಈ ಕುಂದುಗಳನ್ನು ನೀಗಲು ಹಿಂದಿನವರು ಪ್ರಯತ್ನಿಸಲಿಲ್ಲವೆಂದಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ದಸರೆಯ ವಸ್ತುಪ್ರದರ್ಶನವು ಪ್ರಾರಂಭವಾಯಿತು. 1907ರಿಂದ ಅದು ಕೈಗಾರಿಕೆ ಮತ್ತು ಬೇಸಾಯದ ಪ್ರದರ್ಶನವಾಗಿ ಹೊಸ ಜೀವವನ್ನು ಪಡೆಯಿತು. ಸಂಸ್ಥಾನದ ಮೂಲೆಮೂಲೆಯ ಕಸಬುಗಾರರು ಒಂದೇ ಅಂಗಳದಲ್ಲಿ ಕಾಣಿಸಿಕೊಂಡರು. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ, ಕಾವೇರಿಯೆಂಬ ಹೆಸರಿನ ಮಳಿಗೆಗಳು ನಗರಗಳಲ್ಲಿ ತೆರೆದುವು. ಗಂಧದ ವಿಗ್ರಹ, ಬಿದರಿಯ ಪಾತ್ರೆ, ಚನ್ನಪಟ್ಟಣದ ಬೊಂಬೆಗಳು ಒಂದೇ ಸೂರಿನಡಿಯಲ್ಲಿ ಸಿಕ್ಕುವಂತಾದುವು. ಪರದೇಶದವರು ನಂಬಿ ಕೊಳ್ಳತಕ್ಕ ಸ್ಥಳವೊಂದು ಆಯಿತು. ಇದು ಸಣ್ಣ ಉಪಕಾರವಲ್ಲ.

ದಿಲ್ಲಿಯಲ್ಲಿ 1994ರಲ್ಲಿ ತೆರೆದ ದಿಲ್ಲಿ ಹಾಟ್ ಎಂಬ ಪೇಟೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹಾಟ್ ಎಂದರೆ ಸಂತೆ. ಅಲ್ಲಿಯ ಅಂಗಡಿಗಳನ್ನು ವರ್ತಕರಿಗೆ ಖಾಯಮ್ಮಾಗಿ ಬಾಡಿಗೆಗೆ ಕೊಡದೆ, ಕಸಬುಗಾರರಿಗೆ ಸುಮಾರು ಹದಿನೈದು ದಿನಗಳ ಸರದಿಯ ಮೇಲೆ ಕೊಡುವ ಕ್ರಮವನ್ನು ಇಟ್ಟರು. ಒಬ್ಬನು ಹೋದರೆ ಮತ್ತೊಬ್ಬನು ಬರುವನು; ಮಾಡಿದವನೇ ಮಾರುವನು; ಕೊಳ್ಳುವವನು ಅವನೊಡನೆಯೇ ಮಾತನಾಡುವನು. ಮೈಸೂರಿನ ಹೆಬ್ಬಾಳದ ಬಳಿಯ ಅರ್ಬನ್ ಹಾಟ್ ಇದೇ ಜಾತಿಯದು. ಅದನ್ನು ನಡೆಯಿಸುತ್ತಿರುವುದು ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಬೆಳೆದ ಜೆ.ಎಸ್.ಎಸ್. ಮಹಾವಿದ್ಯಾಪೀಠವೆಂಬುದನ್ನು ಈ ಸಭೆಯಲ್ಲಿ ವಿಶೇಷವಾಗಿ ಹೇಳಬೇಕು. ದೇಶದ ನಾನಾ ಭಾಗದ ಕಸಬುಗಾರರು ಅಲ್ಲಿಗೆ ಬಂದು ತಂಗಿ, ಮೇಳಗಳಲ್ಲಿ ತಮ್ಮ ಪದಾರ್ಥಗಳನ್ನು ಮಾರುವರು. ಮಠಕ್ಕೂ ಮಳಿಗೆಗೂ ಏನು ಸಂಬಂಧವೆಂದು ಕೇಳಿದವರಿಗೆ ಇದು ಎರಡನೆಯ ಉತ್ತರ.

2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಆಯವ್ಯಯದಲ್ಲಿ, ಪ್ರತಿಯೊಂದು ರಾಜ್ಯವೂ ಒಂದೊಂದು ಏಕತಾ ಮಾಲನ್ನು ಕಟ್ಟಬೇಕೆಂಬ ಪ್ರೋತ್ಸಾಹವು ಪ್ರಕಟವಾಯಿತು. ಜಿಲ್ಲೆಗೊಂದು ಉತ್ಪನ್ನವೆಂದು ಆರಿಸಿದ ಪದಾರ್ಥಗಳನ್ನೂ, ಭೌಗೋಳಿಕ ಸೂಚಿಕೆಯುಳ್ಳ ಪದಾರ್ಥಗಳನ್ನೂ, ಇತರ ಕೈಕಸಬಿನ ವಸ್ತುಗಳನ್ನೂ ಅಲ್ಲಿ ಮಾರುವುದು, ಬೇರೆ ರಾಜ್ಯಗಳ ವಸ್ತುಗಳಿಗೂ ಎಡೆಕೊಡುವುದು ಇದರ ಉದ್ದೇಶ. ಕರ್ನಾಟಕದಲ್ಲಿ ಇದಕ್ಕೆ ಮೈಸೂರನ್ನು ಆರಿಸಿದರು. ಉದ್ದೇಶವು ಶ್ಲಾಘ್ಯವೇ. ಆದರೆ ಎರಡು ಮಾತುಗಳನ್ನು ನಾವು ಯೋಚಿಸಬೇಕು. ಮೊದಲನೆಯದು, ರಾಜ್ಯಕ್ಕೊಂದು ಮಾಲು ಎಷ್ಟೇ ದೊಡ್ಡದಾದರೂ, ಸೊರಬದ ಗುಡಿಗಾರನೂ ಶಿಕಾರಿಪುರದ ಲಂಬಾಣಿ ಹೆಂಗಸೂ ಅಲ್ಲಿಗೆ ಮಧ್ಯಸ್ಥನ ಮೂಲಕವೇ ತಲಪುವ ಸಂಭವ ಹೆಚ್ಚು. ಎರಡನೆಯದು, ಭೌಗೋಳಿಕ ಸೂಚಿಕೆಯ ಕಾಯಿದೆ. ಅದು 1999ರಲ್ಲಿ ಹುಟ್ಟಿ 2003ರಿಂದ ಜಾರಿಗೆ ಬಂದಿತು. ಅದು ರಕ್ಷಿಸುವುದು ಊರಿನ ಹೆಸರನ್ನು. ಆ ಹೆಸರಿನಲ್ಲಿ ಮಾರುವ ಹಕ್ಕು ತನಗೂ ಬೇಕೆಂದರೆ ಕಸಬುಗಾರನು ಅಧಿಕೃತ ಬಳಕೆದಾರನೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಹಾಗೆ ಮಾಡಿಸಿಕೊಡುವವರು ಹಳ್ಳಿಯಲ್ಲಿ ವಿರಳ. ದಾಸೋಜನು ಬರೆದುದು ಊರಿನ ಹೆಸರನ್ನು ಮಾತ್ರವಲ್ಲ. ತನ್ನ ಹೆಸರನ್ನೂ ಅದರೊಡನೆ ಬರೆದನು. ಎರಡೂ ಬೇಕು.

ಆದುದರಿಂದ ಬಳ್ಳಿಗಾವಿಯ ಮಳಿಗೆಗೆ ನಾಲ್ಕು ನಿಯಮಗಳನ್ನು ಈ ಸಭೆಯ ಮುಂದೆ ಇಡುತ್ತೇನೆ. ಮೊದಲನೆಯ ನಿಯಮ: ಕೆಲಸದ ಚಾವಡಿ ಮುಂದೆ, ಮಾರಾಟದ ಚಾವಡಿ ಹಿಂದೆ. ಒಳಗೆ ಬಂದವನಿಗೆ ಮೊದಲು ಉಳಿಯ ಸದ್ದು ಕೇಳಿಸಬೇಕು, ಬಿದಿರು ಸೀಳುವುದು ಕಾಣಿಸಬೇಕು. ಹತ್ತು ನಿಮಿಷ ನಿಂತು ನೋಡಿದವನು ಬೆಲೆಯನ್ನು ಕುರಿತು ಜಗಳವಾಡನು. ಶಾಲೆಯ ಮಕ್ಕಳೂ ಅಲ್ಲಿ ಕುಳಿತು ಕಲಿಯಬಹುದು. ಕಲಿಸಿದ ದಿನಕ್ಕೆ ಹಿರಿಯ ಕಸಬುಗಾರನಿಗೆ ಸಂಭಾವನೆ ಸಲ್ಲಬೇಕು.

ಎರಡನೆಯ ನಿಯಮ: ಹೆಸರಿಲ್ಲದ ವಸ್ತು ಮಾರಾಟಕ್ಕಿಲ್ಲ. ಪ್ರತಿಯೊಂದು ಪದಾರ್ಥಕ್ಕೂ ಒಂದು ಚೀಟಿ. ಅದರಲ್ಲಿ ಮಾಡಿದವರ ಹೆಸರು, ಊರು, ಮರ ಯಾವುದು ಅಥವಾ ನೂಲು ಯಾವುದು, ಎಷ್ಟು ದಿನದ ಕೆಲಸ ಎಂಬ ವಿವರ. ಗಂಧವಾದರೆ ಗಂಧವೆಂದು, ಶಿವನೆಯಾದರೆ ಶಿವನೆಯೆಂದು ಬರೆಯಬೇಕು. ಸುಳ್ಳು ಬರೆದವನಿಗೆ ಆ ಮಳಿಗೆಯಲ್ಲಿ ಮತ್ತೆ ಸ್ಥಾನವಿರಕೂಡದು. ಹೆಸರು ಬರೆದರೆ ಗೌರವ ಬರುವುದು. ಅದರ ಜೊತೆಯಲ್ಲಿ ಜವಾಬ್ದಾರಿಯೂ ಬರುವುದು. ಕೆಟ್ಟ ಕೆಲಸದ ಕೆಳಗೆ ತನ್ನ ಹೆಸರನ್ನು ಕೆತ್ತಲು ಯಾವ ಕಸಬುಗಾರನೂ ಒಪ್ಪನು.

ಮೂರನೆಯ ನಿಯಮ: ಬೆಲೆ ಬಯಲಾಗಿರಬೇಕು, ಹಣ ಕೈಯಲ್ಲಿರಬೇಕು. ಉದಾಹರಣೆಗೆ ಮಾತ್ರ ಹೇಳುತ್ತೇನೆ: ಒಂದು ಪೆಟ್ಟಿಗೆಯ ಬೆಲೆ ನೂರು ಭಾಗವಾದರೆ, ಮರಕ್ಕೆಷ್ಟು ಭಾಗ, ಕೈಗೆಷ್ಟು ಭಾಗ, ಮಳಿಗೆಯ ಖರ್ಚಿಗೆಷ್ಟು ಭಾಗವೆಂಬುದನ್ನು ಗೋಡೆಯ ಮೇಲೆ ಬರೆದಿಡಬೇಕು. ಮಾಲನ್ನು ತಂದುಕೊಟ್ಟ ದಿನವೇ ಕೂಲಿಯ ಬಹುಭಾಗ ಸಲ್ಲಬೇಕು. ಅದಕ್ಕೆ ಮೂಲಧನ ಬೇಕು. ಅದನ್ನು ಒದಗಿಸುವ ಮಾರ್ಗವು ಕನ್ನಡಿಗರಿಗೆ ಅಪರಿಚಿತವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿಯೇ ಸಹಕಾರ ಪತ್ತಿನ ಸಂಘವು ಸ್ಥಾಪಿತವಾಗಿ ದೇಶಕ್ಕೆ ದಾರಿ ತೋರಿಸಿತು. ಕಸಬುಗಾರರೇ ಷೇರುದಾರರಾದ ಒಂದು ಸಂಘವು ಮಳಿಗೆಯ ಒಡೆತನವನ್ನು ಹೊಂದಬೇಕು. ಮಠವಾಗಲಿ ಧನಿಕರಾಗಲಿ ಒಡೆಯರಾಗದೆ ಒತ್ತಾಸೆಯಾಗಿ ನಿಲ್ಲಬೇಕು.

ಲಾಭದ ಮಾತು ಬಂದುದರಿಂದ ಆಯ್ದಕ್ಕಿ ಲಕ್ಕಮ್ಮನವರನ್ನು ಸ್ಮರಿಸದೆ ಮುಂದೆ ಹೋಗಲಾರೆನು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಹೆಚ್ಚಿನದು ನಮಗೇಕೆಂದು ಕೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದವರು ಆ ತಾಯಿ. ಈ ಕಥೆಯನ್ನು ಕೇಳಿ ನಾವು ಬಡವರಿಗೆ ನಿರಾಸೆಯ ಪಾಠ ಹೇಳುವುದುಂಟು. ಅದು ತಪ್ಪು. ಆ ಪಾಠ ಹೆಚ್ಚಾಗಿ ಸಲ್ಲುವುದು ನಡುವೆ ನಿಂತು ತೂಕ ಮಾಡುವವನಿಗೆ. ಹತ್ತು ದಿನ ಕೆತ್ತಿದವನ ಪಾಲಿಗಿಂತ ಹತ್ತು ನಿಮಿಷದಲ್ಲಿ ಮಾರಿದವನ ಪಾಲು ಹೆಚ್ಚಾದರೆ, ಆ ಹೆಚ್ಚಿನ ಅಕ್ಕಿಯನ್ನು ಅಂಗಳಕ್ಕೆ ಹಿಂದಿರುಗಿಸಬೇಕಾದವನು ಮಾರಿದವನೇ.

ನಾಲ್ಕನೆಯ ನಿಯಮ: ಅಂಗಡಿಗಳು ಸರದಿಯ ಮೇಲೆ ಇರಬೇಕು, ಯಾರಿಗೂ ಶಾಶ್ವತವಲ್ಲ. ಹೆಂಗಸರು ಮಾಡುವ ಕಸಬುಗಳಿಗೆ ಹೆಂಗಸರೇ ಅಂಗಡಿಯಲ್ಲಿ ಕೂರಬೇಕು, ಹಣವೂ ಅವರ ಹೆಸರಿನಲ್ಲಿಯೇ ಸಲ್ಲಬೇಕು. ಚಿತ್ತಾರ ಬರೆದವಳು ಮನೆಯಲ್ಲಿ, ಚೀಟಿಯಲ್ಲಿ ಯಜಮಾನನ ಹೆಸರು ಎಂದಾಗಕೂಡದು.

ಸ್ಥಳದ ವಿಷಯದಲ್ಲಿ ಒಂದು ಎಚ್ಚರಿಕೆ. ಕೇದಾರೇಶ್ವರ ದೇವಾಲಯದ ಪಕ್ಕದಲ್ಲಿಯೇ ಮಳಿಗೆಯಿದ್ದರೆ ಯಾತ್ರಿಕರಿಗೆ ಅನುಕೂಲವೆಂದು ಕೆಲವರು ಹೇಳುವರು. ಸಂರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರಿನೊಳಗೆ ಹೊಸ ಕಟ್ಟಡಗಳನ್ನು 2010ರ ತಿದ್ದುಪಡಿಯು ನಿಷೇಧಿಸಿದೆ. ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಕಾಯಿದೆಯು ಹೇಳದಿದ್ದರೂ ನಾವು ಹಾಗೆ ಮಾಡಬಾರದು. 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಭೇರುಂಡಸ್ತಂಭದ ಎದುರಿಗೆ ಸಿಮೆಂಟಿನ ಗೋಪುರವನ್ನೆಬ್ಬಿಸಿ ಬಳ್ಳಿಗಾವಿಯ ಕಲೆಯನ್ನು ಉಳಿಸುತ್ತೇವೆಂದರೆ ದಾಸೋಜನು ನಗುವನು. ಹತ್ತಿರದ ಶಿರಾಳಕೊಪ್ಪವು ಸಂತೆಯ ಊರು, ದಾರಿಗಳು ಕೂಡುವ ಊರು. ಅತ್ತ ಹೋಗುವ ಮಾರ್ಗದಲ್ಲಿ, ಸ್ಮಾರಕಗಳಿಂದ ದೂರವಾಗಿ, ಹೆಂಚಿನ ಸೂರಿನ ತಗ್ಗಾದ ಚಾವಡಿಗಳು ಸಾಕು. ಸಂತೆಗೆ ಬಂದ ರೈತನೂ ಗುಡಿಗೆ ಬಂದ ಯಾತ್ರಿಕನೂ ಅಲ್ಲಿ ಸಂಧಿಸುವರು.

ಕೊನೆಯದಾಗಿ, ಬುದ್ಧಿವಂತರು ಕೇಳುವ ಪ್ರಶ್ನೆ: ಕೊಳ್ಳುವವರು ಯಾರು? ಇದು ಹಳ್ಳಿ, ಬೇಲೂರಿಗೆ ಬರುವಷ್ಟು ಯಾತ್ರಿಕರು ಇಲ್ಲಿಗೆ ಬರುವುದಿಲ್ಲ. ಈ ಆಕ್ಷೇಪಣೆ ನಿಜವಾದುದು. ಇದನ್ನು ಮರೆತು ಕಟ್ಟಿದ ಮಳಿಗೆಗೆ ಬೀಗ ಬೀಳುವುದು ನಿಶ್ಚಯ. ನನ್ನ ಉತ್ತರವನ್ನು ಸಂಕೋಚದಿಂದಲೇ ಹೇಳುತ್ತೇನೆ. ಮೊದಲ ಗಿರಾಕಿಗಳು ನಾವೇ ಆಗಬೇಕು. ಈ ಮಹೋತ್ಸವದಲ್ಲಿ ನಾವು ಎಷ್ಟು ಜನಕ್ಕೆ ಶಾಲು ಹೊದಿಸಿದೆವು! ಆ ಶಾಲುಗಳನ್ನು ನೇಯ್ದವರು ಯಾರು? ಎಷ್ಟು ಸ್ಮರಣಿಕೆಗಳನ್ನು ಕೊಟ್ಟೆವು! ಅವನ್ನು ಎರಕಹೊಯ್ದ ಊರು ಯಾವುದು? ನಿನ್ನೆ ದಾಸೋಹದಲ್ಲಿ ಕೆಲವು ಪಂಕ್ತಿಗಳಿಗೆ ಹಾಕಿದ ತಟ್ಟೆಗಳು ಅಡಿಕೆಯ ಹಾಳೆಯವಲ್ಲ. ಅಡಿಕೆಯ ತೋಟಗಳ ನಡುವೆ ಕುಳಿತು ನಾವು ಪ್ಲಾಸ್ಟಿಕ್ ಸವರಿದ ಕಾಗದದ ಮೇಲೆ ಪ್ರಸಾದವನ್ನು ಸ್ವೀಕರಿಸಿದೆವು. ಹೊಣೆ ಯಾರೊಬ್ಬರದೂ ಅಲ್ಲ. ವ್ಯವಸ್ಥೆಯ ಸಮಿತಿಯಲ್ಲಿ ನಾನೂ ಇದ್ದೆನು, ದರಪಟ್ಟಿಗೆ ನಾನೂ ಒಪ್ಪಿಗೆ ಕೊಟ್ಟೆನು. ಆ ದಿನ ನನ್ನ ಮೇಜಿನ ಮೇಲೆ ಆ ನವಿಲಿನ ಪೆಟ್ಟಿಗೆಯೂ ಇತ್ತು. ಆದರೂ ನನಗೆ ತೋರಲಿಲ್ಲ.

ಒಂದು ಮಠದ ವರ್ಷದ ಶಾಲು, ಸ್ಮರಣಿಕೆ, ತಟ್ಟೆ, ಬುಟ್ಟಿ, ಹಗ್ಗ, ಕರಡಿಗೆಗಳ ಲೆಕ್ಕವನ್ನು ಬರೆದು ನೋಡಿರಿ. ಅದರ ಜೊತೆಗೆ ಭಕ್ತರ ಮನೆಗಳ ಮದುವೆ, ಗೃಹಪ್ರವೇಶಗಳ ಲೆಕ್ಕವನ್ನು ಸೇರಿಸಿರಿ. ಗಿರಾಕಿಯು ಎಲ್ಲಿರುವನೆಂದು ಹೊರಗೆ ಹುಡುಕಬೇಕಾಗಿಲ್ಲ. ಊರಿನವರು ಕೊಂಡು ಉಳಿಸಿದ ಕಸಬನ್ನು ನೋಡಲು ಪರಸ್ಥಳದವರು ತಾವಾಗಿ ಬರುವರು. ಊರಿನವರೇ ಬಿಟ್ಟ ಕಸಬನ್ನು ಗಾಜಿನೊಳಗಿಟ್ಟರೆ ಅದು ವಸ್ತುಸಂಗ್ರಹಾಲಯವಾಗುವುದು, ಮಳಿಗೆಯಾಗದು.

ಆದುದರಿಂದ ಕೋಟಿಗಳ ಕಟ್ಟಡಕ್ಕಾಗಿ ಕಾಯಬೇಡಿರೆಂದು ನನ್ನ ಪ್ರಾರ್ಥನೆ. ಮುಂದಿನ ಜಾತ್ರೆಗೆ ನಾಲ್ಕು ಚಪ್ಪರಗಳನ್ನು ಹಾಕೋಣ: ಒಂದರಲ್ಲಿ ಗುಡಿಗಾರರು, ಒಂದರಲ್ಲಿ ಮೇದಾರರೂ ಚಿತ್ತಾರದ ಹೆಂಗಸರೂ, ಒಂದರಲ್ಲಿ ಲಂಬಾಣಿ ಕಸೂತಿಯವರು, ಒಂದರಲ್ಲಿ ಹಾಳೆತಟ್ಟೆಯವರೂ ಕಮ್ಮಾರರೂ. ಚೀಟಿಯ ನಿಯಮವನ್ನೂ ಬೆಲೆಯ ನಿಯಮವನ್ನೂ ಅಂದೇ ನಡೆಸಿ ನೋಡೋಣ. ಮಠಕ್ಕೆ ಬೇಕಾದುದನ್ನು ಅಲ್ಲಿಯೇ, ಅಂದೇ ಹಣ ಕೊಟ್ಟು, ಕೊಳ್ಳೋಣ. ಮೂರು ಜಾತ್ರೆಗಳು ಹೀಗೆ ನಡೆದರೆ, ಚಪ್ಪರವು ಚಾವಡಿಯಾಗಬೇಕೋ ಬೇಡವೋ ಎಂಬುದನ್ನು ಕಸಬುಗಾರರೇ ಹೇಳುವರು.

ಆ ವೃದ್ಧರ ಭಾವನವರು ಪಟ್ಟಣದಿಂದ ಹಿಂದಿರುಗುವರೋ ಇಲ್ಲವೋ ನಾನು ಹೇಳಲಾರೆನು. ವಯಸ್ಸಾದ ಮೇಲೆ ಕೈ ನಡುಗುವುದು. ಆದರೆ ಎಲೆಯನ್ನು ಒಳಕ್ಕೆ ಮಡಿಸುವ ಆ ವಿದ್ಯೆಯನ್ನು ಬಲ್ಲವರು ಆ ಬೀದಿಯಲ್ಲಿ ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ನಾವು ಹೋಗಿ ಅವರ ಹೆಸರನ್ನು ಕೇಳಬೇಕು. ನನ್ನ ಪೆಟ್ಟಿಗೆಯ ತಳದಲ್ಲಿ ಇಂದಿಗೂ ಹೆಸರಿಲ್ಲ. ಆ ವೃದ್ಧರಿಂದ ಕೇಳಿ ಬರೆಯಿಸಬೇಕೆಂದಿದ್ದೇನೆ. ಮುಂದಿನ ಜಾತ್ರೆಯಲ್ಲಿ ಅದನ್ನು ತಮಗೆ ತೋರಿಸುವ ಭಾಗ್ಯ ನನ್ನದಾಗಲಿ.